ಮುಸುಕಿಲ್ಲದ ಎಂಟನೆಯ ಕ್ಯಾನು

ಬೆಳಗಿನ ಐದೂವರೆ. ಚಿಕ್ಕಲಸಂದ್ರದ ಒಂದು ಅಡ್ಡರಸ್ತೆಯ ಕೊನೆಯಲ್ಲಿರುವ ಖಾಲಿ ಸೈಟಿನಲ್ಲಿ ಗೋವಿಂದಮ್ಮ ಬಗ್ಗಿ ನಿಂತಿದ್ದಾರೆ. ಒಂದು ಕೈಯಲ್ಲಿ ಬಿಳಿ ಪ್ಲಾಸ್ಟಿಕ್ ಮಗ್ಗು, ಇನ್ನೊಂದರಲ್ಲಿ ಮೊಬೈಲಿನ ಬೆಳಕು. ಗೋಡೆಯ ಪಕ್ಕದಲ್ಲಿ ಇಪ್ಪತ್ತು ಲೀಟರಿನ ಹಳೆಯ ನೀರಿನ ಕ್ಯಾನುಗಳು ಸಾಲಾಗಿ ಕೂತಿವೆ. ಬಾಯಿಯ ಕಡೆ ಕತ್ತರಿಸಿ ಅಗಲ ಮಾಡಿದ ಕ್ಯಾನುಗಳು. ಒಂದೊಂದರ ಮೇಲೂ ಹಳೆ ಸೀರೆಯ ತುಂಡು, ಅದರ ಸುತ್ತ ಸೈಕಲ್ ಟ್ಯೂಬಿನ ರಬ್ಬರಿನ ಬಿಗಿ. ರಬ್ಬರು ಸರಿಸಿ, ಬಟ್ಟೆ ಎತ್ತಿ, ಒಂದು ಮಗ್ಗು ನೀರು ಮೊಗೆದು, ಅಲ್ಲಾಡಿಸದೆ ಹಿಡಿದು ನೋಡುತ್ತಾರೆ. ಇಪ್ಪತ್ತು ಎಣಿಸುವಷ್ಟು ಹೊತ್ತು. ನೀರಿನಲ್ಲಿ ಏನೂ ಆಡದಿದ್ದರೆ "ಇಲ್ಲ" ಎಂದು ತಮಗೆ ತಾವೇ ಹೇಳಿಕೊಂಡು ಮುಂದಿನ ಕ್ಯಾನಿಗೆ ಹೋಗುತ್ತಾರೆ.

ಏಳು ಕ್ಯಾನು ಮುಗಿಯಿತು. ಎಂಟನೆಯದು ಬೋರಲು ಬಿದ್ದಿದೆ. ಅದರಲ್ಲಿ ಹನಿ ನೀರಿಲ್ಲ. ಆದರೂ ಎತ್ತಿ, ಒಳಗೆ ಬೆಳಕು ಬಿಟ್ಟು, ತಳದ ಸಂದಿಯಲ್ಲಿ ಬೆರಳಾಡಿಸುತ್ತಾರೆ. 

"ಒಣಗಿದೆ ಅಂತ ಗೊತ್ತು ಅಣ್ಣ," ಎನ್ನುತ್ತಾರೆ, ಅವರ ಬಗ್ಗೆ ಬರೆಯಲು ಬಂದ ನನ್ನ ಕಡೆ ನೋಡದೆ. "ನೋಡ್ದಿದ್ರೆ ಹೊಟ್ಟೆಗೆ ಏನೂ ಇಳಿಯಲ್ಲ."

ಗೋಡೆಯಾಚೆಯ ಮನೆಯ ಕಿಟಕಿ ಕತ್ತಲಾಗಿದೆ. ಆ ಮನೆಯ ಸೊಸೆ ಮೈತ್ರಿ ಆಸ್ಪತ್ರೆ ಸೇರಿ ಇವತ್ತಿಗೆ ಐದನೆಯ ದಿನ. ಡೆಂಗಿ ಜ್ವರ. ಅವಳು ಏಳು ತಿಂಗಳ ಬಸುರಿ.

ಗೋವಿಂದಮ್ಮನಿಗೆ ಅರವತ್ತೊಂದು. ಜಯನಗರ, ಜೆ.ಪಿ. ನಗರ, ಪದ್ಮನಾಭನಗರಗಳ ಎಷ್ಟೋ ತಾರಸಿಯ ಮೇಲೆ ಬಿಡುವ ಬದನೆ, ಟೊಮೇಟೊ, ಹೀರೆ, ಚಪ್ಪರದವರೆ ಮೊದಲು ಕಣ್ಣು ಬಿಟ್ಟದ್ದು ಈ ಸೈಟಿನಲ್ಲಿ. ಕಾಯಿ ಕೊಯ್ದು ಸಾರು ಮಾಡುವವರಿಗೆ ಈ ಹೆಸರು ಗೊತ್ತಿಲ್ಲ. ಸಸಿ ಒಯ್ದವರಲ್ಲೂ ಅರ್ಧ ಜನ "ಡಬ್ಬಿ ಆಂಟಿ" ಎಂದೇ ಕರೆಯುತ್ತಾರೆ. ಇಲ್ಲಿ ನರ್ಸರಿಯ ಬೋರ್ಡಿಲ್ಲ, ಕೊಂಡು ತಂದ ಒಂದೇ ಒಂದು ಕುಂಡವೂ ಇಲ್ಲ. ಜನ ಎಸೆಯುವ ಡಬ್ಬಿಯೇ ಕುಂಡ.

ಇವತ್ತು ಎಣಿಸಿದೆವು, ಆರುನೂರ ನಲವತ್ತು ಚಿಲ್ಲರೆ ಡಬ್ಬಿಗಳು. ಮೊಸರಿನ ಡಬ್ಬಿಯಲ್ಲಿ ಟೊಮೇಟೊ, ಮೊಟ್ಟೆ ಟ್ರೇಯಲ್ಲಿ ಮೆಣಸಿನಕಾಯಿ, ಚಹಾ ಅಂಗಡಿಯ ಹಾಲಿನ ಪ್ಯಾಕೆಟ್ಟಿನಲ್ಲಿ ಅವರೆ, ಎಳನೀರಿನ ಬುರುಡೆಯಲ್ಲಿ ಹೀರೆ. ಊಟ ಪಾರ್ಸೆಲ್ ಬರುವ ಪಾರದರ್ಶಕ ಡಬ್ಬಿಗೆ ಅವರಲ್ಲಿ ಬಹಳ ಮರ್ಯಾದೆ. ಬೀಜ ಹಾಕಿ ಮುಚ್ಚಳ ಮುಚ್ಚಿದರೆ ಒಳಗೆ ಬೆವರು ಕಟ್ಟುತ್ತದೆ, ಬದನೆಯಂಥ ಸೋಮಾರಿ ಬೀಜವೂ ಎರಡು ದಿನ ಮೊದಲೇ ಏಳುತ್ತದೆ. ಮೊಳಕೆಯ ತಲೆ ಮುಚ್ಚಳಕ್ಕೆ ತಾಗುವ ಮೊದಲು ತೆಗೆಯಬೇಕು. ಒಂದು ಹೊತ್ತು ಮರೆತರೆ ಬಿಸಿಲಿಗೆ ಬೆಂದುಹೋಗುತ್ತದೆ.

ತೂತು ಹಾಕುವುದು ಕೊಡೆಯ ಕಡ್ಡಿಯಿಂದ. ಮುರಿದ ಕೊಡೆಯ ಕಬ್ಬಿಣದ ಕಡ್ಡಿಯನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ, ಡಬ್ಬಿಯ ತಳಕ್ಕೆ ಒತ್ತುತ್ತಾರೆ. ಮೊಸರಿನ ಡಬ್ಬಿಗೆ ನಾಲ್ಕು ತೂತು, ಎಣ್ಣೆ ಡಬ್ಬಕ್ಕೆ ಒಂಬತ್ತು. ದಿನಕ್ಕೆ ಇನ್ನೂರು, ಮುನ್ನೂರು ತೂತು. ಬಲಗೈಯ ಹೆಬ್ಬೆರಳು ಸುಟ್ಟು ಸುಟ್ಟು ಚರ್ಮ ದಪ್ಪವಾಗಿದೆ, ಅದಕ್ಕೆ ಬಿಸಿ ತಾಗುವುದೇ ಇಲ್ಲವಂತೆ. ಮಣ್ಣು, ಎಲೆಗೊಬ್ಬರ, ಬಿಡಿಸಿದ ತೆಂಗಿನ ನಾರು ತುಂಬಿ, ಬೀಜ ಎಷ್ಟು ದಪ್ಪವೋ ಅದರ ಎರಡರಷ್ಟು ಆಳಕ್ಕೆ ಇಳಿಸಿ, ಮೇಲೆ ಒಂದು ಚಿಟಿಕೆ ಬೂದಿ. ಟೊಮೇಟೊ ಬೀಜವನ್ನು ಇರುವೆ ಹೊತ್ತೊಯ್ಯುತ್ತದೆ. ಅದಕ್ಕೆಂದು ಸೈಟಿನ ಇನ್ನೊಂದು ಮೂಲೆಯಲ್ಲಿ ದಿನವೂ ಒಂದು ಹಿಡಿ ರವೆ ಚೆಲ್ಲುತ್ತಾರೆ.

"ನಮ್ಮನೇಲಿ ಉಪ್ಪಿಟ್ಟು ಕಂಡು ಮೂರು ತಿಂಗಳಾಯ್ತು ಯಜಮಾನ್ರೇ. ಇರುವೆಗಳು ಮಾತ್ರ ದಿನಾ ತಿಂತವೆ," ಎನ್ನುತ್ತಾರೆ ಗೋವಿಂದಮ್ಮನ ಗಂಡ ಪಾಪಯ್ಯ. ಹತ್ತಿರದ ಕಲ್ಯಾಣ ಮಂಟಪವೊಂದರಲ್ಲಿ ಕಾವಲಿನ ಕೆಲಸ. ಬೆಳಗಾಗುತ್ತಲೇ ಹಿಂದಿನ ದಿನದ ಮದುವೆಯ ಐಸ್‌ಕ್ರೀಂ ಕಪ್ಪು, ಎಣ್ಣೆ ಡಬ್ಬಗಳನ್ನು ಗೋಣಿಚೀಲದಲ್ಲಿ ಹೊತ್ತು ಬರುತ್ತಾರೆ. "ಬೇರೆ ಗಂಡಂದಿರು ಹೂವು ತರ್ತಾರೆ, ನಾನು ಎಂಜಲು ಕಪ್ ತರ್ತೀನಿ. ಯಾವತ್ತಾದ್ರೂ ಬೈದಿದ್ದಾಳಾ ಕೇಳಿ!"

ಈ ಮಾತಿಗೆ ಗೋವಿಂದಮ್ಮ ಯಾವಾಗಲೂ ಏನಾದರೂ ತಿರುಗಿಸಿ ಕೊಡುತ್ತಿದ್ದರು. ಇವತ್ತು ಗೋಣಿಚೀಲ ಬಿಚ್ಚಿ, ತಳದಲ್ಲಿ ಒಂದಿಷ್ಟು ಮಳೆನೀರು ಉಳಿದಿದ್ದ ಒಂದು ಕಪ್ಪನ್ನು ತೆಗೆದು, ದೂರ ಹೋಗಿ ಒಣನೆಲದ ಮೇಲೆ ಸುರಿದು ಬಂದರು.

ಗೋವಿಂದಮ್ಮ ಹುಟ್ಟಿದ್ದು ತಲಘಟ್ಟಪುರದಲ್ಲಿ. ಮದುವೆಯಾದ ಮೇಲೆ ಕನಕಪುರ ರಸ್ತೆಯ ಒಂದು ನರ್ಸರಿಯಲ್ಲಿ ಹತ್ತೊಂಬತ್ತು ವರ್ಷ ಕೂಲಿ. ಬೀಜ ನೋಡಿ ಗಟ್ಟಿಯೋ ಜೊಳ್ಳೋ ಹೇಳುವುದು ಅಲ್ಲೇ ಕಲಿತದ್ದು. ಆ ಜಾಗದಲ್ಲಿ ಈಗ ಅಪಾರ್ಟ್‌ಮೆಂಟು ನಿಂತಿದೆ. ನರ್ಸರಿ ಮುಚ್ಚಿದ ದಿನ ಉಳಿದವರು ಗುದ್ದಲಿ, ಪೈಪು ಅಂತ ಒಯ್ದರೆ ಗೋವಿಂದಮ್ಮ ಒಂದು ಔಷಧಿ ಡಬ್ಬಿಯ ತುಂಬ ಬೀಜ ಕೇಳಿ ಪಡೆದರಂತೆ. ಈ ಸೈಟು ಜಯನಗರದ ಶಾಮಣ್ಣನವರದು. ಖಾಲಿ ಬಿಟ್ಟರೆ ಜನ ಕಸ ಸುರಿಯುತ್ತಾರೆಂದು, ಮಾರುವ ತನಕ ಇಟ್ಟುಕೊಳ್ಳಿ ಎಂದು ಬಿಟ್ಟುಕೊಟ್ಟಿದ್ದಾರೆ. ಹಾಗೆ ಒಂಬತ್ತು ವರ್ಷ ಕಳೆದಿದೆ.

"ಬೀಜ ಹಾಕಿದೋಳಿಗೆ ಹೆದರಿಕೆ ತಪ್ಪಿದ್ದಲ್ಲ ಅಣ್ಣ. ಇಲಿ ಬಂತಾ, ಬಸವನಹುಳ ಬಂತಾ, ಬಿಸಿಲು ಜಾಸ್ತಿಯಾಯ್ತಾ, ಅದೇ ಯೋಚನೆ. ಆದ್ರೆ ಅದು ಬೇರೆ ಹೆದರಿಕೆ. ಸಸಿ ಸತ್ರೆ ಇನ್ನೊಂದು ಹಾಕ್ತೀನಿ."

ಇನ್ನೊಂದು ಹೆದರಿಕೆಯ ಬೇರು ಆ ಕ್ಯಾನುಗಳಲ್ಲಿದೆ. ಕಾವೇರಿ ನೀರು ಈ ಬೀದಿಗೆ ದಿನ ಬಿಟ್ಟು ದಿನ ಬರುತ್ತದೆ, ಒಮ್ಮೊಮ್ಮೆ ಮೂಗಿಗೆ ಬ್ಲೀಚಿಂಗ್ ಪುಡಿಯ ವಾಸನೆ ಬಡಿಯುತ್ತದೆ. ಆ ನೀರನ್ನು ಹಾಗೇ ಹುಯ್ದರೆ ಎಳೆಯ ಮೊಳಕೆ ಸೊರಗುತ್ತದೆ ಎನ್ನುವುದು ನರ್ಸರಿಯಲ್ಲಿ ಕಲಿತ ಪಾಠ. ಕ್ಯಾನಿಗೆ ತುಂಬಿ, ಬಟ್ಟೆ ಕಟ್ಟಿ, ಎರಡು ದಿನ ಬಿಡಬೇಕು, ವಾಸನೆ ಹೋಗುತ್ತದೆ. ತಂಗಿದ ನೀರು ಎಂದು ಅದಕ್ಕೆ ಅವರ ಹೆಸರು. ಏಳು ಕ್ಯಾನುಗಳನ್ನು ಸರದಿಯಂತೆ ಬಳಸಿ, ಖಾಲಿಯಾದಾಗ ತಿಕ್ಕಿ ತುಂಬುತ್ತಾರೆ. ಎಂಟನೆಯದು ಮಾತ್ರ ಆಪತ್ತಿನ ಕ್ಯಾನು. ನೀರು ಬಾರದ ದಿನಕ್ಕೆಂದು ಇಟ್ಟದ್ದು, ಸುಮ್ಮನೆ ಮುಟ್ಟುವುದಿಲ್ಲ.

ಈ ಕಡೆ ರಾಗಿಹೊಲವಿದ್ದ ಕಾಲವನ್ನು ನಾನು ನೋಡಿದ್ದೇನೆ. ಮನೆಗಳ ಮುಂದೆ ಕಲ್ಲಿನ ಬಾನಿ ಇರುತ್ತಿತ್ತು, ಅದರ ನೀರು ಹಗಲೆಲ್ಲ ತೆರೆದೇ ಇರುತ್ತಿತ್ತು. ದನ ಕುಡಿಯುತ್ತಿದ್ದವು, ಗುಬ್ಬಿ ಮೀಯುತ್ತಿದ್ದವು. ಬಾನಿ ಬತ್ತಿದರೆ ಹೆದರುತ್ತಿದ್ದೆವು. ನೀರು ನಿಂತರೆ ಹೆದರುವ ಕಾಲವೊಂದು ಬರುತ್ತದೆಂದು ಯಾರು ಅಂದುಕೊಂಡಿದ್ದರು?

ಆಷಾಢದ ಮೊದಲಲ್ಲಿ ನಾನು ಇಲ್ಲಿಗೆ ಬಂದಾಗ ಮೈತ್ರಿಯನ್ನು ನೋಡಿದ್ದೆ. ಇಪ್ಪತ್ತಾರರ ಹುಡುಗಿ, ಮೊದಲ ಬಸಿರು. ಗಂಡ ನರೇಂದ್ರ ಬನಶಂಕರಿಯ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಅವನು ಹೊರಟ ಮೇಲೆ ಅವಳು ಲೋಟದಲ್ಲಿ ಕಾಫಿ ಹಿಡಿದು ಈ ಸೈಟಿಗೆ ಬರುತ್ತಿದ್ದಳು. ಅಡುಗೆಮನೆಯ ಒಗ್ಗರಣೆ ವಾಸನೆಗೆ ವಾಂತಿ ಬರುತ್ತದೆ, ಒದ್ದೆ ಮಣ್ಣಿನ ವಾಸನೆಗೆ ಹೊಟ್ಟೆ ತಣ್ಣಗಾಗುತ್ತದೆ ಎನ್ನುತ್ತಿದ್ದಳು. ಗೋವಿಂದಮ್ಮ ಅವಳಿಗೆಂದೇ ಒಂದು ಚಪ್ಪಡಿ ಕಲ್ಲನ್ನು ನೆರಳಿಗೆ ಎಳೆದು ಹಾಕಿದ್ದರು.

"ಗೋವಿಂದತ್ತೆ, ನಿಮ್ಮ ಮೆಣಸಿನ ಸಸಿಗಿಂತ ನನ್ನ ಹೊಟ್ಟೆ ಬೇಗ ಬೆಳೀತಿದೆ ನೋಡಿ," ಎಂದು ನಗುತ್ತಿದ್ದಳು.

"ಎರಡಕ್ಕೂ ದೃಷ್ಟಿ ಹಾಕ್ಬೇಡ, ಕುಡಿ ಕಾಫಿ," ಎಂದು ಇವರು ಗದರುತ್ತಿದ್ದರು.

ಆ ಚಪ್ಪಡಿ ಕಲ್ಲು ಎಂಟನೆಯ ಕ್ಯಾನಿನ ಪಕ್ಕದಲ್ಲಿದೆ.

ನಡೆದದ್ದು ಇಷ್ಟು. ಆಷಾಢದಲ್ಲಿ ಮಳೆ ಕೈಕೊಟ್ಟು ಕೆಲವು ದಿನ ಬಿಸಿಲು ಚುರುಗುಟ್ಟಿತು. ಆಗತಾನೆ ಎರಡೆಲೆ ಬಿಟ್ಟಿದ್ದ ಸಸಿಗಳಿಗೆ ನೆರಳು ಬೇಕಾಯಿತು. ಮನೆಯಲ್ಲಿದ್ದ ಹಳೆ ಸೀರೆ, ಪಂಚೆ, ದಿಂಬಿನ ಚೀಲವನ್ನೆಲ್ಲ ಕೋಲು ನೆಟ್ಟು ಕಟ್ಟಿದರು. ಕೊನೆಯ ಒಂದು ಸಾಲು, ನಲವತ್ತು ಮೊಸರಿನ ಡಬ್ಬಿಯ ನಾಟಿ ಟೊಮೇಟೊ, ಬಟ್ಟೆಯಿಲ್ಲದೆ ಉಳಿಯಿತು. ಮಧ್ಯಾಹ್ನದ ಹೊತ್ತಿಗೆ ಸಸಿಗಳ ತಲೆ ಜೋಲುತ್ತಿತ್ತು. ಗೋವಿಂದಮ್ಮ ಎಂಟನೆಯ ಕ್ಯಾನಿನ ಮುಸುಕು ಬಿಚ್ಚಿ ಆ ಸಾಲಿಗೆ ಹೊದಿಸಿದರು. ಸಂಜೆ ತಿರುಗಿ ಕಟ್ಟೋಣವೆಂದುಕೊಂಡರು. ಸಂಜೆ ಮರೆತರು.

"ಹನ್ನೊಂದು ದಿನ ಅಣ್ಣ. ಹನ್ನೊಂದು ದಿನ ಅದು ಬಾಯಿ ಬಿಟ್ಕೊಂಡು ಕೂತಿತ್ತು. ನಾನು ಅದರ ಪಕ್ಕದಲ್ಲೇ ಓಡಾಡ್ತಿದ್ದೆ. ಸೋಮವಾರ ನೀರು ಬರ್ಲಿಲ್ಲ, ಮೊಗೆಯೋಣ ಅಂತ ಹೋದೆ. ನೀರೆಲ್ಲಾ ಕುಣೀತಿತ್ತು."

ಸೊಳ್ಳೆಯ ಹುಳುಗಳನ್ನು ಕಂಡೊಡನೆ ಅಷ್ಟೂ ನೀರನ್ನು ಕಾದ ನೆಲದ ಮೇಲೆ ಸುರಿದರು. ಆದರೆ ಸುರಿಯುವ ಮೊದಲು ಇನ್ನೊಂದು ಕಣ್ಣಿಗೆ ಬಿತ್ತು. ಅದನ್ನು ಹೇಳುವಾಗ ಅವರ ದನಿ ತಗ್ಗುತ್ತದೆ.

"ಮೇಲೆ ಸಿಪ್ಪೆ ತೇಲ್ತಿತ್ತು. ಖಾಲಿ ಸಿಪ್ಪೆ. ಮೊಳಕೆ ಬಂದ್ಮೇಲೆ ಬೀಜದ ಸಿಪ್ಪೆ ಬಿದ್ದಿರತ್ತಲ್ಲ, ಹಂಗೆ. ಸಿಪ್ಪೆ ಖಾಲಿ ಇದೆ ಅಂದ್ರೆ ಒಳಗಿದ್ದದ್ದು ಎದ್ದುಹೋಗಿದೆ ಅಂತ ನನಗೆ ಗೊತ್ತಾಗಲ್ವಾ? ಜೀವನ ಪೂರ್ತಿ ಅದನ್ನೇ ನೋಡಿದೋಳು ನಾನು."

ಸೋಮವಾರ ನೀರು ಚೆಲ್ಲಿದ್ದು. ಗುರುವಾರ ಮೈತ್ರಿಗೆ ಜ್ವರ. ಶನಿವಾರ ಆಸ್ಪತ್ರೆ. ಕ್ಯಾನಿನ ವಿಷಯ ಗೋವಿಂದಮ್ಮ ಗಂಡನಿಗೂ ಹೇಳಿರಲಿಲ್ಲ. ಇವತ್ತು, ಬುಧವಾರ ಬೆಳಿಗ್ಗೆ, ಸೀರೆಯ ಸೆರಗಿನಲ್ಲಿ ಮಗ್ಗು ಒರೆಸುತ್ತ ನನಗೆ ಹೇಳಿದರು. ಪಾಪಯ್ಯ ಐಸ್‌ಕ್ರೀಂ ಕಪ್ಪು ಜೋಡಿಸುತ್ತಿದ್ದವರು ಹಾಗೇ ಕೂತುಬಿಟ್ಟರು. ಅವರ ಬಾಯಿಂದ ಆಮೇಲೆ ಒಂದು ತಮಾಷೆಯೂ ಬರಲಿಲ್ಲ.

ಎಂಟು ಗಂಟೆಗೆ ಸಂಗಮೇಶ ಬಂದ. ಮನೆಮನೆಗೆ ಹೋಗಿ ನಿಂತ ನೀರು ಪರೀಕ್ಷೆ ಮಾಡುವ ಹುಡುಗ, ವಿಜಯಪುರದ ಕಡೆಯವನು. ಬಿಳಿ ಮಗ್ಗಿನಲ್ಲಿ ಮೊಗೆದು ನೋಡುವುದನ್ನು ಗೋವಿಂದಮ್ಮನಿಗೆ ಕಲಿಸಿದವನು ಇವನೇ. ಕಪ್ಪು ಹುಳು ಬಿಳಿಯದರಲ್ಲಿ ಬೇಗ ಕಾಣುತ್ತದೆ. ಏಳೂ ಕ್ಯಾನು, ಡಬ್ಬಿಗಳ ಸಾಲು, ಎಳನೀರಿನ ಬುರುಡೆ ಎಲ್ಲವನ್ನೂ ನೋಡಿದ.

"ಏನೂ ಇಲ್ಲ ಬಿಡ್ರಿ ಅಮ್ಮಾರ. ಇಡೀ ಓಣ್ಯಾಗ ನಿಮ್ಮದಽ ಚೊಕ್ಕ ಐತಿ."

ಗೋವಿಂದಮ್ಮ ಅಷ್ಟಕ್ಕೆ ಬಿಡಲಿಲ್ಲ. ಬೋರಲು ಬಿದ್ದ ಕ್ಯಾನನ್ನು ತೋರಿಸಿ, ಹನ್ನೊಂದು ದಿನದ ಕಥೆಯನ್ನು ಅವನಿಗೂ ಹೇಳಿದರು. ಅವನು ಪುಸ್ತಕ ಮಡಚಿ ಕಂಕುಳಲ್ಲಿ ಇಟ್ಟುಕೊಂಡ.

"ಸೊಳ್ಳಿ ಹುಟ್ಟಿದ ಕೂಡಲೇ ರೋಗ ಹಚ್ಚಂಗಿಲ್ರಿ. ಮೊದಲ ಜ್ವರ ಇದ್ದವರನ್ನ ಕಡೀಬೇಕು, ಆಮ್ಯಾಲೆ ಎಂಟ್ಹತ್ತು ದಿನಾ ಬೇಕು. ದಿನ ಕೂಡಿಸಿ ನೋಡಿದರ ನಿಮ್ಮ ಕ್ಯಾನಿಂದಲ್ಲ ಅನ್ನಸ್ತೈತಿ. ಹಿಂದಿನ ಕಟ್ಟಡದ ಲಿಫ್ಟಿನ ಗುಂಡ್ಯಾಗ ತಿಂಗಳಿಂದ ನೀರು ನಿಂತಾವ."

"ಖಂಡಿತಾ ಹೇಳ್ತೀಯೇನಪ್ಪಾ? ಇದರದ್ದಲ್ಲ ಅಂತ?"

ಸಂಗಮೇಶ ಆ ಕ್ಯಾನನ್ನು ತಿರುಗಿಸಿ ಒಳಗೆ ನೋಡಿದ. "ಸೊಳ್ಳಿ ಮ್ಯಾಲೆ ಮನಿ ನಂಬರ್ ಬರೆದಿರಂಗಿಲ್ರಿ ಅಮ್ಮಾ. ಖಾತ್ರಿ ಹೇಳಾಕ ನಾ ಯಾರು? ಒಂದು ಮಾತು ಕೇಳ್ರಿ, ಇದನ್ನ ಆ ಮನಿಯವರಿಗೆ ಹೇಳಾಕ ಹೋಗಬ್ಯಾಡ್ರಿ. ಸುಮ್ಮನ ಜಗಳ ಆಗತೈತಿ. ಮತ್ತ ಆ ಕ್ಯಾನಿನ ಒಳಗ ತೆಂಗಿನ ನಾರು ಹಚ್ಚಿ ತಿಕ್ಕ್ರಿ. ನೀರು ಚೆಲ್ಲಿದರೂ ಸೊಳ್ಳಿ ತತ್ತಿ ಅದರ ಗ್ವಾಡಿಗೆ ಅಂಟಿಕೊಂಡಿರತಾವ."

ಒಂಬತ್ತು ದಿನದಲ್ಲಿ ಆ ಕ್ಯಾನನ್ನು ಅವರು ಆರು ಸಲ ತಿಕ್ಕಿದ್ದರು. ಅವನು ಹೋದ ಮೇಲೆ ಏಳನೆಯ ಸಲ ತಿಕ್ಕಿದರು.

ನರೇಂದ್ರ ಬಂದದ್ದು ಒಂಬತ್ತರ ಸುಮಾರಿಗೆ. ಹೆಂಡತಿಯ ಬಟ್ಟೆ ಒಯ್ಯಲು ಬೈಕಿನಲ್ಲಿ ಬಂದವನು ಹತ್ತು ನಿಮಿಷದಲ್ಲಿ ಬಾಗಿಲು ಹಾಕಿ ಹೊರಟ. ಕೈಯಲ್ಲಿ ಬಟ್ಟೆಯ ಚೀಲ, ಒಂದು ಫ್ಲಾಸ್ಕು. ಗಡ್ಡ ಬೆಳೆದಿತ್ತು. ಗೋವಿಂದಮ್ಮ ಕೈ ತೊಳೆದು, ಸೆರಗು ಸರಿ ಮಾಡಿಕೊಂಡು ಗೇಟಿನ ಹತ್ತಿರ ಹೋದರು. ಪಾಪಯ್ಯ "ಬೇಡ ಕಣೇ" ಎಂದು ಮೆಲ್ಲಗೆ ಅಂದದ್ದು ನನಗೆ ಕೇಳಿಸಿತು. ಅವರಿಗೂ ಕೇಳಿಸಿರಬೇಕು.

"ನರೇಂದ್ರಪ್ಪಾ, ಒಂದ್ ನಿಮಿಷ."

"ಬೇಗ ಹೇಳಿ ಅತ್ತೆ, ಹತ್ತಕ್ಕೆ ಡಾಕ್ಟ್ರು ರೌಂಡ್ಸಿಗೆ ಬರ್ತಾರೆ."

"ಹೆಂಗಿದ್ದಾಳೆ?"

"ಪ್ಲೇಟ್‌ಲೆಟ್ ನಿನ್ನೆ ನಲವತ್ತೆರಡು ಸಾವಿರಕ್ಕೆ ಇಳಿದಿತ್ತು. ಇವತ್ತಿಂದು ಇನ್ನೂ ಹೇಳಿಲ್ಲ."

"ಮಗು?"

"ಒದೀತಿದೆ ಅಂತಾಳೆ. ಒಂದೊಂದ್ ಸಲ ತುಂಬ ಹೊತ್ತು ಒದೆಯಲ್ಲ. ಆವಾಗ ನನ್ನ ಕೈ ಹಿಡ್ಕೊಂಡು ಹೊಟ್ಟೆ ಮೇಲೆ ಇಟ್ಕೋತಾಳೆ." ಅವನು ಫ್ಲಾಸ್ಕಿನ ಮುಚ್ಚಳವನ್ನು ತಿರುವಿದ, ಮತ್ತೆ ಬಿಗಿ ಮಾಡಿದ. "ನೀವು ಪ್ರಾರ್ಥನೆ ಮಾಡ್ಕೊಳ್ಳಿ ಅತ್ತೆ, ಅಷ್ಟೇ."

ಗೋವಿಂದಮ್ಮ ಗೇಟಿನ ಕಂಬಿ ಹಿಡಿದುಕೊಂಡು ಹೇಳಿದರು. ಬಿಸಿಲು, ಬಟ್ಟೆ ಸಾಲದೆ ಹೋದದ್ದು, ಮುಸುಕು ಬಿಚ್ಚಿದ್ದು, ಹುಳು, ಸಿಪ್ಪೆ. ಸಂಗಮೇಶ ಹೇಳಿದ ದಿನದ ಲೆಕ್ಕವನ್ನಾಗಲಿ ಲಿಫ್ಟಿನ ಗುಂಡಿಯನ್ನಾಗಲಿ ಹೇಳಲಿಲ್ಲ. ನಾನು ಕಾದೆ, ಹೇಳುತ್ತಾರೇನೋ ಎಂದು. ಹೇಳಲಿಲ್ಲ.

"ಹನ್ನೊಂದು ದಿನಾನಾ?" ಎಂದ ನರೇಂದ್ರ.

"ಹೂಂ."

"ಅವಳು ಅಲ್ಲೇ ಕೂತ್ಕೋತಿದ್ಲು."

"ಹೂಂ."

"ನೀವೇ ಕೂರಿಸ್ತಿದ್ರಿ."

ಗೋವಿಂದಮ್ಮ ಚಪ್ಪಡಿ ಕಲ್ಲಿನ ಕಡೆ ತಿರುಗಿ ನೋಡಿದರು. ಅವನು ಚೀಲವನ್ನು ಬೈಕಿನ ಹ್ಯಾಂಡಲಿಗೆ ಸಿಕ್ಕಿಸಲು ಹೋದ, ಎರಡು ಸಲ ತಪ್ಪಿತು. ಮೂರನೆಯ ಸಲಕ್ಕೆ ಸಿಕ್ಕಿಸಿ, ಅವರ ಮುಖ ನೋಡದೆ ಹೊರಟುಹೋದ.

ಅವರು ತಿರುಗಿ ಬಂದು ನೀರು ಚಿಮುಕಿಸತೊಡಗಿದರು. ಹಳೆ ಬಾಟಲಿಯ ಮುಚ್ಚಳಕ್ಕೆ ಸೂಜಿಯಿಂದ ತೂತು ಹಾಕಿ ಮಾಡಿಕೊಂಡ ಝಾರಿ. ಆರುನೂರ ನಲವತ್ತು ಡಬ್ಬಿಗೂ ಒಂದೊಂದು ಸಲ ಬಗ್ಗಬೇಕು. "ಬಿಟ್ಟು ಕೂತ್ರೆ ಇವು ಒಣಗ್ತವೆ. ಇವಕ್ಕೇನು ಗೊತ್ತು," ಎಂದಷ್ಟೇ ಹೇಳಿದರು.

ಹನ್ನೊಂದು ಗಂಟೆಗೆ ಜಯನಗರದಿಂದ ಸೀತಾಲಕ್ಷ್ಮಿ ಮೇಡಂ ಆಟೋದಲ್ಲಿ ಬಂದಿಳಿದರು. ನಿವೃತ್ತ ಟೀಚರು. ಮೊಸರಿನ ಡಬ್ಬಿಗಳನ್ನು ಸೋಪು ಹಾಕಿ ತೊಳೆದು, ಒಂದರೊಳಗೊಂದು ಸೇರಿಸಿ ತಂದುಕೊಡುವವರು. ಆ ನಲವತ್ತು ಟೊಮೇಟೊ ಸಸಿ ಅವರದೇ, ಅವರ ಬೀದಿಯ ಹೆಂಗಸರಿಗೆಲ್ಲ ಹಂಚಲಿಕ್ಕೆ.

"ಅಬ್ಬಾ! ಗೋವಿಂದಮ್ಮ, ಏನ್ ಚೆನ್ನಾಗ್ ಬಂದಿದೆ ರೀ! ಆ ಬಿಸಿಲಲ್ಲಿ ನಮ್ಮನೆ ತುಳಸಿನೇ ಸುಟ್ಟುಹೋಯ್ತು. ಇವಕ್ಕೇನ್ ಮಂತ್ರ ಹಾಕಿದ್ರಿ?"

ಸಸಿಗಳು ನಿಜಕ್ಕೂ ಸೊಗಸಾಗಿದ್ದವು. ಗಿಡ್ಡ, ದಪ್ಪ ಕಾಂಡ, ಕಡುಹಸಿರು ಎಲೆ. ಗೋವಿಂದಮ್ಮ ಅವುಗಳ ಕಡೆ ನೋಡದೆ ಒಂದೊಂದೇ ಡಬ್ಬಿಯನ್ನು ರಟ್ಟಿನ ಪೆಟ್ಟಿಗೆಗೆ ಇಳಿಸಿದರು. ಮೇಡಂ ಮತ್ತೆ ಕೇಳಿದರು. "ನೆರಳು ಹಾಕಿದ್ದೆ ಮೇಡಂ," ಎಂದರು. ಆಟೋ ಹೋದ ಮೇಲೆ ಖಾಲಿಯಾದ ಜಾಗವನ್ನು ಪೊರಕೆಯಿಂದ ಗುಡಿಸಿದರು. ಕಸವೇನೂ ಇರಲಿಲ್ಲ.

ಹೊರಡುವಾಗ ನಾನು ಕೇಳಿದೆ, ಇದನ್ನೆಲ್ಲ ಬರೆಯಬಾರದಲ್ಲವೇ ಎಂದು. ಸಸಿಯ ವಿಷಯ ಮಾತ್ರ ಬರೆಯುತ್ತೇನೆ ಎಂದೆ.

"ಅವಳು ಮನೆಗೆ ಬಂದ್ರೆ ಬರೀರಿ. ಎಲ್ಲಾ ಬರೀರಿ. ಡಬ್ಬಿ ಇಟ್ಕೊಂಡು ಸಸಿ ಮಾಡೋರು ಬೇಕಾದಷ್ಟು ಜನ ಇದ್ದಾರೆ, ಅವರಾದ್ರೂ ನೀರು ನೋಡ್ಕೊಳ್ಲಿ. ಅವಳು ಬರದೇ ಹೋದ್ರೆ..." ಪಾಪಯ್ಯ ಬಂದು ಅವರ ಕೈಯಿಂದ ಪೊರಕೆ ತೆಗೆದುಕೊಂಡರು.

ಆಮೇಲಿನ ದಿನಗಳನ್ನು ನಾನು ಪಾಪಯ್ಯನ ಫೋನಿನಲ್ಲಿ ಕೇಳಿದೆ. ಗುರುವಾರ ಮೈತ್ರಿಯ ಪ್ಲೇಟ್‌ಲೆಟ್ ಮೂವತ್ತೊಂದು ಸಾವಿರಕ್ಕೆ ಇಳಿಯಿತು. ಗೋವಿಂದಮ್ಮ ಹೊಸದಾಗಿ ಬೀಜ ಹಾಕುವುದನ್ನು ನಿಲ್ಲಿಸಿದರು. ನೆನೆಸಿಟ್ಟಿದ್ದ ಹೀರೆ ಬೀಜ ಬಟ್ಟೆಯಲ್ಲೇ ಮೊಳೆತು ಹಾಳಾಯಿತು. ಶುಕ್ರವಾರ ಇಳಿಯಲಿಲ್ಲ. ಶನಿವಾರ ಐವತ್ತು ಸಾವಿರ ದಾಟಿತು. ಭಾನುವಾರ ಮೈತ್ರಿ ಮನೆಗೆ ಬಂದಳು. ಆದರೆ ಸೈಟಿನ ಕಡೆಯ ಕಿಟಕಿ ತೆರೆಯಲಿಲ್ಲ. ನೋಡಿಕೊಳ್ಳಲು ಅರೆಕೆರೆಯಿಂದ ಬಂದ ಅವಳ ತಾಯಿ ಅದನ್ನು ಒಳಗಿನಿಂದ ಭದ್ರ ಮಾಡಿದ್ದರು.

ಹನ್ನೆರಡು ದಿನದ ಮೇಲೆ, ಸೋಮವಾರ, ನಾನು ಮತ್ತೆ ಹೋದೆ. ಅದೇ ಐದೂವರೆ, ಅದೇ ಬಿಳಿ ಮಗ್ಗು, ಅದೇ "ಇಲ್ಲ". ಬೆಳಕು ಹರಿದಾಗ ಒಂದು ವ್ಯತ್ಯಾಸ ಕಂಡಿತು. ಕ್ಯಾನುಗಳ ಮೇಲೆ ಸೀರೆಯ ತುಂಡಿಲ್ಲ. ತಿಳಿನೀಲಿ ಬಣ್ಣದ ಸೊಳ್ಳೆ ಪರದೆಯ ತುಂಡುಗಳು, ಅಂಚು ಮಡಚಿ ಹೊಲಿದವು.

"ನರೇಂದ್ರ ತಂದುಕೊಟ್ಟ," ಎಂದರು ಗೋವಿಂದಮ್ಮ. ಮೈತ್ರಿ ಬಂದ ಎರಡನೆಯ ದಿನ ಅವನು ಗೇಟಿನ ಹತ್ತಿರ ನಿಂತು ಪೊಟ್ಟಣ ಚಾಚಿದನಂತೆ. ಅವಳಿಗೆ ಹೊಸ ಪರದೆ ತಂದೆ, ಹಳೆಯದನ್ನು ಕತ್ತರಿಸಿ ಹೊಲಿಸಿದೆ ಎಂದನಂತೆ.

"'ಸೀರೆ ತುಂಡಾದ್ರೆ ಮತ್ತೆ ಸಸಿಗೆ ಹೊದಿಸ್ತೀರ ಅತ್ತೆ. ಇದು ನೆರಳು ಕೊಡಲ್ಲ, ಬಿಚ್ಚೋ ಮನಸ್ಸು ಬರಲ್ಲ' ಅಂದ. ಎಣಿಸಿದೆ, ಏಳೇ ಇತ್ತು. ಎಂಟು ಕ್ಯಾನಲ್ವಾ ಅಂದೆ. 'ಎಂಟನೇದಕ್ಕೆ ತಂದಿಲ್ಲ' ಅಂದ."

ಮೈತ್ರಿಗೆ ಗೊತ್ತೇ ಎಂದು ಕೇಳಿದೆ.

"ಅವನೇ ಹೇಳಿದ್ದಾನೆ. ಏನಂದ್ಲಪ್ಪಾ ಅಂತ ಕೇಳ್ದೆ. ಏನೂ ಅನ್ಲಿಲ್ಲವಂತೆ. ಆ ಟೊಮೇಟೊ ಸಸಿ ಬದುಕಿದ್ವಾ ಅಂತ ಕೇಳಿದ್ಲಂತೆ." ಅವರು ಮಗ್ಗನ್ನು ಕಲ್ಲಿನ ಮೇಲಿಟ್ಟರು. "ಬೈದಿದ್ರೆ ನಿದ್ದೆ ಬರ್ತಿತ್ತು ಅಣ್ಣ."

ಹೆರಿಗೆಗೆ ಇನ್ನೂ ಆರೇಳು ವಾರವಿದೆ. ತಿಂಗಳು ತುಂಬುವ ತನಕ ಜೋಪಾನ ಎಂದು ಡಾಕ್ಟರು ಹೇಳಿದ್ದಾರೆ. ಗೋಡೆಯಾಚೆ ಯಾರಾದರೂ ಕೆಮ್ಮಿದರೂ ಗೋವಿಂದಮ್ಮ ಕೆಲಸ ಬಿಟ್ಟು ಕಿವಿಗೊಡುತ್ತಾರೆ. ರಾತ್ರಿ ಹಾಕಿದ ಜೋರು ಮಳೆಗೆ ಡಬ್ಬಿಗಳ ಸಂದಿಯಲ್ಲಿ ನೀರು ನಿಂತಿತ್ತೆಂದು ಇವತ್ತು ಎಲ್ಲ ಸಾಲುಗಳನ್ನೂ ಎತ್ತಿ ಕೆಳಗೆ ಒರೆಸಿದ್ದಾರೆ.

ಹೊಸ ಬೀಜ ಮಾತ್ರ ಇನ್ನೂ ಹಾಕಿಲ್ಲವೇ ಎಂದೆ. ಅವರು ಒಳಗಿನಿಂದ ಕೊಡೆಯ ಕಡ್ಡಿ ತಂದರು. ಪಾಪಯ್ಯ ಮೂರು ಕಲ್ಲಿಟ್ಟು ಸೌದೆ ಹಚ್ಚಿದರು. ಕಡ್ಡಿ ಕೆಂಪಗಾಯಿತು. ಗೋವಿಂದಮ್ಮ ಎಂಟನೆಯ ಕ್ಯಾನನ್ನು ಕಾಲುಗಳ ನಡುವೆ ಹಿಡಿದುಕೊಂಡು ಅದರ ತಳಕ್ಕೆ ಮೊದಲ ತೂತು ಇಳಿಸಿದರು. ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು, ಚುಯ್ ಎಂದು ಹೊಗೆ ಎದ್ದಿತು. ಎಣ್ಣೆ ಡಬ್ಬಕ್ಕೆ ಒಂಬತ್ತು ಎಂದಿದ್ದರಲ್ಲ, ಇದಕ್ಕೆ ನಾನು ಮೂವತ್ತರ ತನಕ ಎಣಿಸಿದೆ.

"ಅದೇನ್ ಜರಡಿ ಮಾಡ್ತೀಯೇನೇ? ಮಣ್ಣೆಲ್ಲಾ ಉದುರಿಹೋಗುತ್ತೆ," ಎಂದರು ಪಾಪಯ್ಯ. ಇಷ್ಟು ದಿನದ ಮೇಲೆ ಅವರು ಆಡಿದ ಮೊದಲ ತಮಾಷೆ.

"ನಾರು ಹಾಸ್ತೀನಿ. ನೀವು ಬೆಂಕಿ ನೋಡ್ಕೊಳ್ಳಿ."

ತಳಕ್ಕೆ ನಾರು, ಮೇಲೆ ಮಣ್ಣು. ಔಷಧಿ ಡಬ್ಬಿಯಿಂದ ಸಬ್ಬಸಿಗೆ ಬೀಜ ತೆಗೆದು, ಅಂಗೈಯಲ್ಲಿ ಉಜ್ಜಿ, ತೆಳ್ಳಗೆ ಚೆಲ್ಲಿದರು. ಸಬ್ಬಸಿಗೆ ಬಾಣಂತಿಯ ಸೊಪ್ಪು. ಹಾಲು ಬರಲಿ ಎಂದು ನಮ್ಮ ಕಡೆ ಎಲ್ಲ ಮನೆಗಳಲ್ಲೂ ಮಾಡಿ ಹಾಕುತ್ತಾರೆ. ಕೊಯ್ಯಲು ಬರುವುದಕ್ಕೆ ಐದಾರು ವಾರ ಸಾಕು. ಅವರ ಲೆಕ್ಕ ನನಗೆ ಅರ್ಥವಾಯಿತು.

"ಅವಳಮ್ಮ ಇಲ್ಲಿ ಬೆಳೆದದ್ದನ್ನ ಒಳಗೆ ಬಿಡ್ತಾರೋ ಇಲ್ವೋ," ಎಂದರು ಮಣ್ಣಿನ ಮೇಲೆ ಕೈಯಾಡಿಸುತ್ತ. "ಇಲ್ಲಿ ಬಂದು ಕೂತ್ಕೋ ಅಂತ ಇನ್ಯಾವತ್ತೂ ಕರೆಯಲ್ಲ. ಹೆತ್ತು ಎದ್ರೆ ಸಾಕು. ಆಮೇಲೆ ಒಂದು ಕಟ್ಟು ಸೊಪ್ಪು ಬೇಡ ಅನ್ನದೆ ಈಸ್ಕೊಂಡ್ರೆ ಸಾಕು."

ನೀರು ಹುಯ್ದರು. ಬಗ್ಗಿ, ನೆಲಕ್ಕೆ ಕೆನ್ನೆ ತಾಗುವಷ್ಟು ಬಗ್ಗಿ, ಕ್ಯಾನಿನ ತಳ ನೋಡಿದರು. ಮೂವತ್ತು ತೂತಿನಿಂದಲೂ ನೀರು ತೊಟ್ಟಿಕ್ಕಿ ಮಣ್ಣಿಗೆ ಇಳಿಯುತ್ತಿತ್ತು.

ಆಗ ಗೋಡೆಯಾಚೆ ಚಿಲಕದ ಸದ್ದಾಯಿತು. ಕಿಟಕಿ ಒಂದು ಗೇಣು ತೆರೆಯಿತು. ಅದಕ್ಕೂ ಹೊಸದಾಗಿ ಜಾಲರಿ ಹೊಡೆಸಿದ್ದರು, ಹಿಂದಿನ ಮುಖ ಸರಿಯಾಗಿ ಕಾಣಲಿಲ್ಲ.

"ಗೋವಿಂದತ್ತೆ, ಏನು ಬೀಜ ಅದು?" ದನಿ ಸಣ್ಣಗಿತ್ತು, ಮಾತು ತಡೆದು ಬರುತ್ತಿತ್ತು.

ಗೋವಿಂದಮ್ಮ ಏಳಲು ಹೋಗಿ ಕ್ಯಾನು ಹಿಡಿದುಕೊಂಡೇ ನಿಂತರು. ಕೈಯ ಮಣ್ಣನ್ನು ಸೆರಗಿಗೆ ಒರೆಸಿಕೊಂಡರು.

"ಸಬ್ಬಸಿಗೆ ಕಣವ್ವಾ," ಎಂದರು. "ತಳ ಎಲ್ಲಾ ತೂತು ಮಾಡಿದ್ದೀನಿ. ಇದರಲ್ಲಿ ಇನ್ಮೇಲೆ ಒಂದ್ ತೊಟ್ಟೂ ನಿಲ್ಲಲ್ಲ."